ನೋವಿಲ್ಲದ ಸುಟ್ಟಗಾಯವೇ ಹೆಚ್ಚು ಅಪಾಯಕಾರಿ: ಗುರುತಿಸುವುದು ಹೇಗೆ, ಮೊದಲು ಮಾಡಬೇಕಾದುದೇನು?

ಚಿಕ್ಕೋಡಿ: ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಊರುಗಳಲ್ಲಿ ಬೆಂಕಿಯೊಂದಿಗಿನ ಒಡನಾಟವೂ ಹೆಚ್ಚುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳಲ್ಲಿ ಒಂದೆಡೆ ಸಕ್ಕರೆ ಕಾರ್ಖಾನೆಗಳ ಬಾಯ್ಲರ್‌ಗಳು ಉರಿಯುತ್ತವೆ, ಇನ್ನೊಂದೆಡೆ ಬೆಲ್ಲದ ಗಾಣಗಳಲ್ಲಿ ಕೊಪ್ಪರಿಗೆಗಳು ಕುದಿಯುತ್ತವೆ. ಕಟಾವು ಮುಗಿದ ಹೊಲಗಳಲ್ಲಿ ಒಣಗಿದ ರವದಿಗೆ ಬೆಂಕಿ ಇಡಲಾಗುತ್ತದೆ. ಕಬ್ಬು ಕಡಿಯಲು ದೂರದೂರುಗಳಿಂದ ಬಂದ ಗ್ಯಾಂಗುಗಳ ಗುಡಿಸಲುಗಳ ಮುಂದೆ ಮೂರು ಕಲ್ಲಿನ ಒಲೆಗಳು ಹೊತ್ತಿಕೊಳ್ಳುತ್ತವೆ. ಅವುಗಳ ಸುತ್ತಲೇ ಮಕ್ಕಳು ಆಡುತ್ತಿರುತ್ತಾರೆ.

ಇಂತಹ ಪರಿಸರದಲ್ಲಿ ಸುಟ್ಟಗಾಯ ಅಪರೂಪದ ಸಂಗತಿಯಲ್ಲ. ಆದರೆ ಯಾವ ಗಾಯಕ್ಕೆ ಮನೆಯ ಆರೈಕೆ ಸಾಕು, ಯಾವುದಕ್ಕೆ ಕ್ಷಣವೂ ತಡಮಾಡದೆ ಆಸ್ಪತ್ರೆ ಸೇರಬೇಕು ಎಂಬ ತಿಳಿವಳಿಕೆ ಮಾತ್ರ ಇಂದಿಗೂ ಅಪರೂಪ. ಗಾಯಗೊಂಡವರು ಕೂಗಾಡುತ್ತಿದ್ದರೆ ದೊಡ್ಡ ಗಾಯ, ಸುಮ್ಮನಿದ್ದರೆ ಸಣ್ಣ ಗಾಯ ಎಂದು ಜನ ಅಳೆಯುವುದುಂಟು. ವೈದ್ಯಶಾಸ್ತ್ರದ ಅಳತೆ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದು.

ಸಾವು ಬೆಂಕಿಯ ಜೊತೆಗೇ ಬರುವುದಿಲ್ಲ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 1,80,000 ಮಂದಿ ಸುಟ್ಟಗಾಯಗಳಿಂದ ಸಾಯುತ್ತಾರೆ. ಭಾರತವೊಂದರಲ್ಲೇ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಮಧ್ಯಮ ಇಲ್ಲವೇ ತೀವ್ರ ಸ್ವರೂಪದ ಸುಟ್ಟಗಾಯಗಳಿಗೆ ಒಳಗಾಗುತ್ತಾರೆ.

ಚರ್ಮವು ದೇಹದ ನೀರನ್ನು ಒಳಗೆ ಹಿಡಿದಿಡುತ್ತದೆ, ರೋಗಾಣುಗಳನ್ನು ಹೊರಗೆ ತಡೆಯುತ್ತದೆ, ಶರೀರದ ಉಷ್ಣತೆಯನ್ನು ಕಾಯುತ್ತದೆ. ವಿಶಾಲ ಭಾಗದ ಚರ್ಮ ಸುಟ್ಟಾಗ ಈ ಮೂರೂ ಕೆಲಸಗಳು ಒಮ್ಮೆಗೇ ಕುಸಿಯುತ್ತವೆ. ಮೊದಲ ಒಂದೆರಡು ದಿನ ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಇಳಿಯುತ್ತದೆ, ಮೂತ್ರಪಿಂಡಗಳು ಸೋಲುತ್ತವೆ. ಅದನ್ನು ದಾಟಿದವರಿಗೆ ಮುಂದಿನ ವಾರಗಳಲ್ಲಿ ಸೋಂಕಿನ ಗಂಡಾಂತರ ಕಾದಿರುತ್ತದೆ.

ಹುಬ್ಬಳ್ಳಿಯಲ್ಲಿ 2024ರ ಡಿಸೆಂಬರ್‌ನಲ್ಲಿ ನಡೆದ ದುರಂತವನ್ನು ರಾಜ್ಯದ ಜನ ಮರೆತಿರಲಾರರು. ಅಡುಗೆ ಅನಿಲದ ಸಿಲಿಂಡರ್ ಸೋರಿ ಹೊತ್ತಿಕೊಂಡ ಬೆಂಕಿಯಲ್ಲಿ 9 ಮಂದಿ ಅಯ್ಯಪ್ಪ ಮಾಲಾಧಾರಿಗಳು ಗಾಯಗೊಂಡರು. ಅವರೆಲ್ಲರನ್ನೂ ಕಿಮ್ಸ್ ಆಸ್ಪತ್ರೆಗೆ ದಾಖಲಿಸಲಾಯಿತು. ನಂತರದ ದಿನಗಳಲ್ಲಿ ಅವರಲ್ಲಿ 8 ಮಂದಿ ಕೊನೆಯುಸಿರೆಳೆದರು. ಗಾಯಾಳು ಮಾತನಾಡುತ್ತಿದ್ದಾನೆ ಎಂದ ಮಾತ್ರಕ್ಕೆ ಅಪಾಯ ಕಳೆಯಿತೆಂದು ಭಾವಿಸುವಂತಿಲ್ಲ ಎಂಬುದಕ್ಕೆ ಇದಕ್ಕಿಂತ ದಾರುಣ ನಿದರ್ಶನ ಬೇಕಿಲ್ಲ.

ಗಾಯದ ಆಳ: ಮೂರು ದರ್ಜೆಗಳು

ಮೊದಲ ದರ್ಜೆಯ ಗಾಯದಲ್ಲಿ ಹೊರಚರ್ಮ ಮಾತ್ರ ಕೆಂಪಾಗುತ್ತದೆ, ಉರಿಯುತ್ತದೆ, ಗುಳ್ಳೆ ಏಳುವುದಿಲ್ಲ. ಕೆಲವೇ ದಿನಗಳಲ್ಲಿ ಕಲೆಯಿಲ್ಲದೆ ಮಾಯುತ್ತದೆ.

ಎರಡನೇ ದರ್ಜೆಯಲ್ಲಿ ಬಿಸಿ ಒಳಚರ್ಮದವರೆಗೆ ಇಳಿದಿರುತ್ತದೆ. ನೀರುಗುಳ್ಳೆಗಳು ಏಳುತ್ತವೆ. ಗುಳ್ಳೆಯ ಅಡಿಯ ಭಾಗ ತೇವವಾಗಿ, ನಸುಗೆಂಪಾಗಿದ್ದು, ಗಾಳಿ ತಾಗಿದರೂ ಅಸಾಧ್ಯ ನೋವಾಗುತ್ತದೆ. ಹೆಚ್ಚು ಆಳವಿಲ್ಲದಿದ್ದರೆ ಸುಮಾರು ಎರಡರಿಂದ ಮೂರು ವಾರಗಳಲ್ಲಿ ವಾಸಿಯಾಗುತ್ತದೆ. ಆಳವಿದ್ದರೆ ಬಣ್ಣ ಮಚ್ಚೆಮಚ್ಚೆಯಾಗಿ, ನೋವು ತುಸು ಮಂಕಾಗಿರುತ್ತದೆ.

ಮೂರನೇ ದರ್ಜೆಯಲ್ಲಿ ಚರ್ಮದ ಪೂರ್ಣ ದಪ್ಪವೇ ನಾಶವಾಗಿರುತ್ತದೆ. ಆ ಭಾಗ ಬೆಳ್ಳಗೆ ಮೇಣದಂತೆ, ಕಂದು ಬಣ್ಣದ ತೊಗಲಿನಂತೆ ಅಥವಾ ಕರಿಕಾಗಿ ಕಾಣುತ್ತದೆ. ಮುಟ್ಟಿದರೆ ಗಡುಸು, ಒಣ. ಅಲ್ಲಿ ನೋವು ಇಲ್ಲವೆನ್ನುವಷ್ಟು ಕಡಿಮೆ. ನೋವನ್ನು ಮಿದುಳಿಗೆ ತಿಳಿಸಬೇಕಾದ ನರಗಳ ತುದಿಗಳೇ ಸುಟ್ಟುಹೋಗಿರುವುದು ಇದಕ್ಕೆ ಕಾರಣ. ಸುತ್ತಲಿನ ಅಂಚು ಮಾತ್ರ ಉರಿಯುತ್ತದೆ. ‘ಏನೂ ನೋವಿಲ್ಲ’ ಎಂಬ ಮಾತು ಸಮಾಧಾನದ ಮಾತಲ್ಲ, ಎಚ್ಚರಿಕೆಯ ಗಂಟೆ. ಇಂತಹ ಗಾಯ ತೀರಾ ಸಣ್ಣದಲ್ಲದಿದ್ದರೆ ತಾನಾಗಿ ಮಾಯುವುದಿಲ್ಲ. ಚರ್ಮದ ಕಸಿಯೇ ಬೇಕಾಗುತ್ತದೆ.

ಒಂದೇ ಗಾಯದಲ್ಲಿ ಮೂರು ದರ್ಜೆಗಳೂ ಇರಬಹುದು. ಮೊದಲ ದಿನ ಮೇಲುಮೇಲಿನದೆಂದು ಕಂಡದ್ದು ಎರಡು ಮೂರು ದಿನಗಳಲ್ಲಿ ಆಳವಾಗಿ ಪರಿಣಮಿಸುವುದೂ ಉಂಟು.

ಗಾಯದ ವಿಸ್ತಾರ: ಅಂಗೈಯೇ ಅಳತೆಗೋಲು

ಗಾಯಾಳುವಿನ ಬೆರಳುಗಳನ್ನೂ ಸೇರಿಸಿದ ಒಂದು ಅಂಗೈ ಅವರ ಮೈಯ ಹೊರಮೈಯ ಸುಮಾರು ಶೇ 1ಕ್ಕೆ ಸಮ. ಚದುರಿದ ಗಾಯಗಳನ್ನು ಹೀಗೆ ಎಣಿಸಬಹುದು. ದೊಡ್ಡ ಗಾಯಗಳಿಗೆ ವೈದ್ಯರು 1951ರಿಂದ ಬಳಕೆಯಲ್ಲಿರುವ ‘ಒಂಬತ್ತರ ನಿಯಮ’ವನ್ನು ಅನುಸರಿಸುತ್ತಾರೆ. ವಯಸ್ಕರಲ್ಲಿ ತಲೆ ಮತ್ತು ಕುತ್ತಿಗೆ ಶೇ 9, ತಲಾ ಒಂದು ಕೈ ಶೇ 9, ಎದೆ-ಹೊಟ್ಟೆ ಶೇ 18, ಬೆನ್ನು ಶೇ 18, ತಲಾ ಒಂದು ಕಾಲು ಶೇ 18, ಗುಹ್ಯಭಾಗ ಶೇ 1. ಎಳೆಯ ಮಕ್ಕಳಲ್ಲಿ ಮಾತ್ರ ತಲೆಯೊಂದೇ ಶೇ 18ರಷ್ಟಿರುತ್ತದೆ. ಹಂಡೆಯ ಬಿಸಿನೀರು ಅಥವಾ ಚಹಾ ಮಗುವಿನ ತಲೆ, ಎದೆಗಳ ಮೇಲೆ ಸುರಿದಾಗ ದೊಡ್ಡವರಿಗಿಂತ ಬೇಗ ಪ್ರಾಣಾಪಾಯ ಎದುರಾಗಲು ಇದೂ ಒಂದು ಕಾರಣ. ಮಕ್ಕಳ ಚರ್ಮ ತೆಳುವಾಗಿರುವುದು ಇನ್ನೊಂದು ಕಾರಣ.

ಈ ಲೆಕ್ಕದಲ್ಲಿ ಕೇವಲ ಕೆಂಪಾದ ಭಾಗವನ್ನು ಸೇರಿಸುವುದಿಲ್ಲ. ಗುಳ್ಳೆ ಎದ್ದ ಹಾಗೂ ಅದಕ್ಕಿಂತ ಆಳದ ಗಾಯಗಳನ್ನಷ್ಟೇ ಎಣಿಸಬೇಕು.

ತಡಮಾಡದೆ ಆಸ್ಪತ್ರೆ ಸೇರಬೇಕಾದ ಸಂದರ್ಭಗಳು

ಕೆಳಗಿನವುಗಳಲ್ಲಿ ಒಂದು ಇದ್ದರೂ ಅದನ್ನು ತುರ್ತು ಸ್ಥಿತಿಯೆಂದೇ ಪರಿಗಣಿಸಬೇಕು.

* ವಯಸ್ಕರಲ್ಲಿ ಶೇ 10ಕ್ಕಿಂತ, ಮಕ್ಕಳಲ್ಲಿ ಶೇ 5ಕ್ಕಿಂತ ಹೆಚ್ಚು ಭಾಗದಲ್ಲಿ ಗುಳ್ಳೆ ಎದ್ದ ಅಥವಾ ಆಳವಾದ ಗಾಯ.
* ಬೆಳ್ಳಗಾದ, ಕರಿಕಾದ, ಸ್ಪರ್ಶಜ್ಞಾನ ಕಳೆದುಕೊಂಡ ಯಾವುದೇ ಗಾಯ.
* ಮುಖ, ಕಣ್ಣು, ಕೈ, ಪಾದ, ಗುಹ್ಯಭಾಗ ಅಥವಾ ದೊಡ್ಡ ಕೀಲುಗಳ ಮೇಲಿನ ಗಾಯ.
* ಕೈ, ಕಾಲು, ಬೆರಳು, ಕುತ್ತಿಗೆ ಅಥವಾ ಎದೆಯನ್ನು ಬಳೆಯಂತೆ ಸುತ್ತುವರಿದ ಗಾಯ. ಬಾವು ಹೆಚ್ಚಿದಂತೆ ಇದು ರಕ್ತಸಂಚಾರವನ್ನೇ ಬಿಗಿಯಬಲ್ಲದು.
* ವಿದ್ಯುತ್, ಸಿಡಿಲು ಅಥವಾ ರಾಸಾಯನಿಕದಿಂದಾದ ಗಾಯ, ಹೊರಗೆ ಎಷ್ಟೇ ಸಣ್ಣದಾಗಿ ಕಂಡರೂ.
* ಮುಚ್ಚಿದ ಜಾಗದಲ್ಲಿ ಹೊಗೆ ಕುಡಿದಿರುವ ಶಂಕೆ.
* ಗರ್ಭಿಣಿಯರು, ಹಸುಳೆಗಳು, ವೃದ್ಧರು, ಸಕ್ಕರೆ ಕಾಯಿಲೆ ಅಥವಾ ಹೃದ್ರೋಗ ಉಳ್ಳವರು.
* ಬೆಂಕಿಯ ಜೊತೆಗೆ ಬಿದ್ದ ಪೆಟ್ಟು, ಮೂಳೆ ಮುರಿತ, ಪ್ರಜ್ಞೆ ತಪ್ಪುವಿಕೆ.

ಹೊಗೆಯ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಧ್ವನಿ ಒಡೆದಂತಾಗುವುದು, ಕೆಮ್ಮು, ಉಗುಳಿನಲ್ಲಿ ಮಸಿ, ಮೂಗಿನ ಕೂದಲು ಸುಟ್ಟಿರುವುದು, ಉಸಿರಾಡುವಾಗ ಸೀಟಿಯಂತಹ ಸದ್ದು ಕೇಳುವುದು – ಇವು ಶ್ವಾಸನಾಳ ಸುಟ್ಟಿರುವುದರ ಕುರುಹುಗಳು. ಕೆಲವೇ ಗಂಟೆಗಳಲ್ಲಿ ಗಂಟಲು ಬಾತು ಉಸಿರಿನ ದಾರಿ ಮುಚ್ಚಿಹೋಗಬಹುದು. ಮೈಮೇಲೆ ಹೆಚ್ಚು ಗಾಯವಿಲ್ಲದಿದ್ದರೂ ಇಂತಹವರನ್ನು ಆಸ್ಪತ್ರೆಗೆ ಒಯ್ಯಲೇಬೇಕು. ಮಲಗಿಸುವ ಬದಲು ಒರಗಿಸಿ ಕೂರಿಸಿ ಕರೆದೊಯ್ಯುವುದು ಮೇಲು.

ಮೊದಲ ಇಪ್ಪತ್ತು ನಿಮಿಷ

ಬಟ್ಟೆಗೆ ಬೆಂಕಿ ಹತ್ತಿದಾಗ ಓಡುವುದು ಬೆಂಕಿಗೆ ಗಾಳಿ ಹಾಕಿದಂತೆ. ನಿಂತಲ್ಲೇ ಕೆಳಗೆ ಮಲಗಿ, ಮುಖವನ್ನು ಕೈಗಳಿಂದ ಮುಚ್ಚಿಕೊಂಡು ಉರುಳಬೇಕು. ನೀರು ಕೈಗೆ ಸಿಕ್ಕರೆ ನೀರು, ಇಲ್ಲವಾದರೆ ದಪ್ಪನೆಯ ಕಂಬಳಿ ಅಥವಾ ಗೋಣಿಚೀಲದಿಂದ ಬೆಂಕಿ ನಂದಿಸಬೇಕು. ಈ ಕೆಲಸಕ್ಕೆ ನೈಲಾನ್, ಪಾಲಿಯೆಸ್ಟರ್ ಬಟ್ಟೆ ಬಳಸಕೂಡದು. ಅವು ಕರಗಿ ಮೈಗೆ ಅಂಟಿಕೊಳ್ಳುತ್ತವೆ.

ಬೆಂಕಿ ಆರಿದ ಕೂಡಲೇ ಗಾಯದ ಮೇಲೆ ಹರಿಯುವ ತಣ್ಣೀರನ್ನು ಪೂರ್ತಿ 20 ನಿಮಿಷ ಬಿಡಬೇಕು. ಬೆಂಕಿ ಆರಿದರೂ ಚರ್ಮದೊಳಗಿನ ಬಿಸಿ ಆರಿರುವುದಿಲ್ಲ. ಅದು ಇನ್ನೂ ಆಳಕ್ಕೆ ಇಳಿಯುತ್ತಲೇ ಇರುತ್ತದೆ. ಆ ಇಳಿತವನ್ನು ತಡೆಯುವ ಸಾಧನ ನೀರೊಂದೇ. ಘಟನೆ ನಡೆದು ಮೂರು ಗಂಟೆಗಳವರೆಗೂ ಇದರಿಂದ ಪ್ರಯೋಜನವಿದೆ ಎಂಬುದನ್ನು ತಜ್ಞರು ಒಪ್ಪುತ್ತಾರೆ. ನಲ್ಲಿ ಇಲ್ಲದಿದ್ದರೆ ಕೊಡದಿಂದ ನಿಧಾನವಾಗಿ ಸುರಿಯಬಹುದು. ಹೊಲದಲ್ಲಿದ್ದರೆ ಪಂಪ್‌ಸೆಟ್ಟಿನ ನೀರೂ ಆದೀತು. ನಿಂತ ಕೊಳಕು ನೀರು ಮಾತ್ರ ಬೇಡ.

ನೀರು ಬಿಡುತ್ತಿರುವಾಗಲೇ ಉಂಗುರ, ಬಳೆ, ಕಾಲುಂಗುರ, ಕೈಗಡಿಯಾರ, ಉಡಿದಾರಗಳನ್ನು ತೆಗೆಯಬೇಕು. ಬಾವು ಬಂದ ಮೇಲೆ ಅವು ಹೊರಬರಲಾರವು. ಕಾಲುಂಗುರ, ತಾಳಿಗಳನ್ನು ತೆಗೆಯಲು ಮನೆಯವರು ಹಿಂಜರಿಯುವುದು ಸಹಜ. ಆದರೆ ಬೆರಳು ಉಳಿಯಬೇಕಾದರೆ ಉಂಗುರ ಹೊರಬರಲೇಬೇಕು. ಮೈಗೆ ಅಂಟಿಕೊಂಡ ಬಟ್ಟೆಯನ್ನು ಮಾತ್ರ ಎಳೆಯದೆ, ಸುತ್ತಲಿನ ಭಾಗವನ್ನಷ್ಟೇ ಕತ್ತರಿಸಬೇಕು.

ದೊಡ್ಡ ಗಾಯವಾದವರು, ಅದರಲ್ಲೂ ಮಕ್ಕಳು, ನೀರಿನಿಂದ ನಡುಗಲು ಆರಂಭಿಸಿದರೆ ಅಲ್ಲಿಗೇ ನಿಲ್ಲಿಸಬೇಕು. ಗಾಯವನ್ನು ತಂಪಾಗಿಸಿ, ಉಳಿದ ಮೈಯನ್ನು ಬೆಚ್ಚಗಿಡುವುದು ಸೂತ್ರ. ಬಳಿಕ ಗಾಯವನ್ನು ಒಗೆದು ಒಣಗಿಸಿದ ಹತ್ತಿಯ ಪಂಚೆ ಅಥವಾ ಸೀರೆಯಿಂದ ಸಡಿಲವಾಗಿ ಮುಚ್ಚಬೇಕು. ಅಡುಗೆಮನೆಯಲ್ಲಿ ಬಳಸುವ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತದೆ ಹೊದಿಸಿದರೂ ಸರಿ. ಹತ್ತಿಯ ಉಂಡೆಯನ್ನು ಇಡಬಾರದು, ಅದರ ಎಳೆಗಳು ಅಂಟಿಕೊಳ್ಳುತ್ತವೆ.

ಹಚ್ಚಬಾರದ ವಸ್ತುಗಳು

ಟೂತ್‌ಪೇಸ್ಟ್, ಶಾಯಿ, ಅರಿಶಿನ, ಎಣ್ಣೆ, ತುಪ್ಪ, ಬೆಣ್ಣೆ, ದೋಸೆ ಹಿಟ್ಟು, ಕಾಫಿ ಪುಡಿ, ಸಗಣಿ – ಸುಟ್ಟಗಾಯಕ್ಕೆ ಮನೆಮನೆಗಳಲ್ಲಿ ಹಚ್ಚುವ ವಸ್ತುಗಳ ಪಟ್ಟಿ ಉದ್ದವಿದೆ. ಜಿಡ್ಡಿನ ಪದಾರ್ಥಗಳು ಬಿಸಿಯನ್ನು ಒಳಗೇ ಹಿಡಿದಿಡುತ್ತವೆ. ಬಣ್ಣದ ವಸ್ತುಗಳು ಗಾಯದ ನಿಜಬಣ್ಣವನ್ನು ಮರೆಮಾಡಿ, ಆಳವೆಷ್ಟೆಂದು ವೈದ್ಯರು ನಿರ್ಧರಿಸದಂತೆ ಮಾಡುತ್ತವೆ. ಸಗಣಿ, ಮಣ್ಣುಗಳಿಂದ ಸೋಂಕು ಹಾಗೂ ಧನುರ್ವಾಯು ತಗಲುವ ಭಯವಿದೆ. ಮೇಲಾಗಿ ಇವನ್ನೆಲ್ಲ ತೊಳೆದು ತೆಗೆಯುವಾಗ ಗಾಯಾಳು ಇನ್ನೊಮ್ಮೆ ಯಾತನೆ ಅನುಭವಿಸಬೇಕಾಗುತ್ತದೆ. ಮಂಜುಗಡ್ಡೆಯೂ ಕೂಡದು. ಅದು ರಕ್ತನಾಳಗಳನ್ನು ಕುಗ್ಗಿಸಿ ಗಾಯವನ್ನು ಇನ್ನಷ್ಟು ಆಳಗೊಳಿಸುತ್ತದೆ. ಔಷಧ ಅಂಗಡಿಯ ಬಿಳಿ ಮುಲಾಮನ್ನೂ ವೈದ್ಯರು ನೋಡುವ ಮುನ್ನ ದೊಡ್ಡ ಗಾಯಕ್ಕೆ ಬಳಿಯುವುದು ತರವಲ್ಲ. ಗುಳ್ಳೆಗಳನ್ನು ಒಡೆಯಬಾರದು.

ಈ ಭಾಗದ ನಾಲ್ಕು ಅಪಾಯಗಳು

*ಬೆಲ್ಲದ ಪಾಕ:* ಕುದಿಯುವ ನೀರಿನ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್. ಕೊಪ್ಪರಿಗೆಯಿಂದ ಇಳಿಸುವ ಹೊತ್ತಿನಲ್ಲಿ ಬೆಲ್ಲದ ಪಾಕ ಸುಮಾರು 115ರಿಂದ 118 ಡಿಗ್ರಿಯಷ್ಟಿರುತ್ತದೆ. ನೀರು ಮೈಮೇಲಿಂದ ಜಾರಿಹೋಗುತ್ತದೆ, ಪಾಕ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಅದನ್ನು ಕೆರೆದು ತೆಗೆಯಲು ಹೋದರೆ ಚರ್ಮವೇ ಕಿತ್ತುಬರುತ್ತದೆ. ಹೇರಳವಾಗಿ ನೀರು ಸುರಿದರೆ ಪಾಕ ತಣಿದು, ಕರಗಿ ಹೋಗುತ್ತದೆ. ಪ್ರತಿ ಗಾಣದಲ್ಲೂ ಕೊಪ್ಪರಿಗೆಯ ಸನಿಹ ಒಂದು ಪೀಪಾಯಿ ಶುದ್ಧ ನೀರು ತುಂಬಿಟ್ಟಿರುವುದು ಕಡಿಮೆ ಖರ್ಚಿನ ಜೀವರಕ್ಷೆ.

*ರವದಿಯ ಬೆಂಕಿ:* ಗಾಳಿ ತಿರುಗಿದರೆ ಬೆಂಕಿ ಇಟ್ಟವರನ್ನೇ ಸುತ್ತುವರಿಯುತ್ತದೆ. ಪಕ್ಕದ ನಿಂತ ಬೆಳೆಗೆ ಹಬ್ಬಿದ ಬೆಂಕಿಯನ್ನು ಆರಿಸಲು ಒಳನುಗ್ಗುವವರೇ ಹೆಚ್ಚಾಗಿ ಅಪಾಯಕ್ಕೆ ಸಿಲುಕುತ್ತಾರೆ. ಬೆಳೆ ಮುಂದಿನ ವರ್ಷ ಬಂದೀತು. ರವದಿಯನ್ನು ಸುಡದೆ ಪುಡಿ ಮಾಡಿ ಸಾಲುಗಳಲ್ಲೇ ಹೊದಿಸಿದರೆ ಮಣ್ಣಿಗೂ ಮೇಲು, ಮನುಷ್ಯರಿಗೂ ಮೇಲು.

*ವಿದ್ಯುತ್:* ಹೊಲಗಳ ಮೇಲೆ ಹಾದುಹೋಗುವ 11 ಸಾವಿರ ವೋಲ್ಟ್ ತಂತಿ ತಗುಲಿದವರ ಕೈಯಲ್ಲಿ ನಾಣ್ಯದಗಲದ ಕಲೆಯಷ್ಟೇ ಕಾಣಬಹುದು. ಆದರೆ ವಿದ್ಯುತ್ತು ಒಳಗಿನ ಸ್ನಾಯು, ನರ, ರಕ್ತನಾಳಗಳನ್ನು ಬೇಯಿಸಿರುತ್ತದೆ. ಹೃದಯದ ಬಡಿತ ತಪ್ಪಬಹುದು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅದು ಸ್ನಾಯುಗಳು ನಾಶವಾಗಿ ಮೂತ್ರಪಿಂಡಕ್ಕೆ ಕುತ್ತು ಬಂದಿರುವ ಸೂಚನೆ. ವಿದ್ಯುತ್ ಕಡಿತಗೊಂಡಿದೆ ಎಂದು ಖಚಿತವಾಗದೆ ಗಾಯಾಳುವನ್ನು ಮುಟ್ಟಕೂಡದು. ತುಂಡಾಗಿ ಬಿದ್ದ ತಂತಿಯಿಂದ ಕನಿಷ್ಠ 10 ಮೀಟರ್ ದೂರ ನಿಂತು ಹೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಬೇಕು. ಉಸಿರು ನಿಂತಿದ್ದರೆ, ವಿದ್ಯುತ್ ಕಡಿತಗೊಂಡ ಬಳಿಕ, ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿಯಂತೆ ಬಲವಾಗಿ ಒತ್ತುತ್ತಿರಬೇಕು.

*ಸುಣ್ಣ, ಆಮ್ಲ:* ತಂಬಾಕಿನ ನಾಡಾದ ನಿಪ್ಪಾಣಿಯ ಸುತ್ತಮುತ್ತ ಸುಣ್ಣದ ಡಬ್ಬಿ, ಸುಣ್ಣದ ಪೊಟ್ಟಣ ಇಲ್ಲದ ಜೇಬು ಕಡಿಮೆ. ಮಕ್ಕಳು ಆ ಪೊಟ್ಟಣವನ್ನು ಹಿಚುಕಿದಾಗ ಸುಣ್ಣ ಕಣ್ಣಿಗೆ ಸಿಡಿಯುತ್ತದೆ. ಸುಣ್ಣ ಕ್ಷಾರವಾದ್ದರಿಂದ ಕಣ್ಣಿನ ಪದರಗಳನ್ನು ಕರಗಿಸುತ್ತ ಒಳಗಿಳಿಯುತ್ತದೆ, ದೃಷ್ಟಿ ಶಾಶ್ವತವಾಗಿ ಹೋಗಬಹುದು. ರೆಪ್ಪೆಗಳನ್ನು ಬಿಡಿಸಿ ಹಿಡಿದು ಕನಿಷ್ಠ 30 ನಿಮಿಷ ನೀರಿನಿಂದ ತೊಳೆಯಬೇಕು. ಬಳಿಕವೇ ಕಣ್ಣಿನ ವೈದ್ಯರತ್ತ ಧಾವಿಸಬೇಕು. ಮೈಮೇಲೆ ಒಣ ಸುಣ್ಣದ ಪುಡಿ ಬಿದ್ದಿದ್ದರೆ ಮೊದಲು ಒಣಬಟ್ಟೆಯಿಂದ ಕೊಡವಿ, ನಂತರ ಧಾರಾಳವಾಗಿ ನೀರು ಬಿಡಬೇಕು. ಆಮ್ಲಕ್ಕೆ ಕ್ಷಾರ, ಕ್ಷಾರಕ್ಕೆ ಆಮ್ಲ ಹಾಕುವ ಪ್ರಯೋಗ ಸಲ್ಲದು. ಅದರಿಂದ ಮತ್ತಷ್ಟು ಶಾಖ ಹುಟ್ಟುತ್ತದೆ.

ಯಾವ ಆಸ್ಪತ್ರೆ, ಎಷ್ಟು ದೂರ?

ಗಡಿ ತಾಲ್ಲೂಕುಗಳ ಜನರನ್ನು ಕಾಡುವ ಪ್ರಶ್ನೆ ಇದು. ಅಥಣಿಯಿಂದ ಜಿಲ್ಲಾ ಕೇಂದ್ರ ಬೆಳಗಾವಿ 100 ಕಿ.ಮೀ.ಗೂ ದೂರ. ಕಾಗವಾಡದವರಿಗೆ ಮಹಾರಾಷ್ಟ್ರದ ಮಿರಜ, ಸಾಂಗಲಿಗಳು ಬೆಳಗಾವಿಗಿಂತ ಬಹಳ ಸಮೀಪ. ನಿಪ್ಪಾಣಿಯಿಂದ ಕೊಲ್ಲಾಪುರ ಸುಮಾರು 40 ಕಿ.ಮೀ. ಹೀಗಾಗಿ ಗಾಯಾಳುವನ್ನು ನೇರವಾಗಿ ದೂರದ ದೊಡ್ಡ ಆಸ್ಪತ್ರೆಗೆ ಒಯ್ಯಬೇಕೆ ಎಂಬ ಚರ್ಚೆಯಲ್ಲೇ ಅಮೂಲ್ಯ ಸಮಯ ಕಳೆಯುತ್ತದೆ.

ದೊಡ್ಡ ಗಾಯವಾದಾಗ ಮೊದಲ ನಿಲುಗಡೆ ಸಮೀಪದ ತಾಲ್ಲೂಕು ಆಸ್ಪತ್ರೆಯೇ ಆಗಿರಬೇಕು. ಅಲ್ಲಿ ಉಸಿರಾಟದ ಪರೀಕ್ಷೆ, ಆಮ್ಲಜನಕ, ಸಲೈನ್, ನೋವುನಿವಾರಕ, ಧನುರ್ವಾಯು ಚುಚ್ಚುಮದ್ದು ದೊರೆತ ಮೇಲೆ ಮುಂದಿನ ಪ್ರಯಾಣ ಸುರಕ್ಷಿತ. ಇದರ ಹಿಂದೆ ಒಂದು ಲೆಕ್ಕವಿದೆ. ಗಾಯಾಳುವಿನ ತೂಕ, ಸುಟ್ಟ ಭಾಗದ ಶೇಕಡಾ ಪ್ರಮಾಣ ಹಾಗೂ 2ರಿಂದ 4 ಮಿಲಿಲೀಟರ್ – ಈ ಮೂರನ್ನು ಗುಣಿಸಿದರೆ ಮೊದಲ 24 ಗಂಟೆಗಳಲ್ಲಿ ಬೇಕಾಗುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಅಂದಾಜು ಸಿಗುತ್ತದೆ. 60 ಕೆ.ಜಿ. ತೂಕದ ವ್ಯಕ್ತಿಗೆ ಶೇ 30ರಷ್ಟು ಸುಟ್ಟಿದ್ದರೆ 3.6ರಿಂದ 7.2 ಲೀಟರ್. ಇದರ ಅರ್ಧ ಭಾಗ ಮೊದಲ 8 ಗಂಟೆಗಳಲ್ಲೇ ದೇಹ ಸೇರಬೇಕು. ಆ 8 ಗಂಟೆಗಳನ್ನು ಆಸ್ಪತ್ರೆ ತಲುಪಿದಾಗಿನಿಂದಲ್ಲ, ಸುಟ್ಟ ಕ್ಷಣದಿಂದ ಎಣಿಸಲಾಗುತ್ತದೆ. ದಾರಿಯಲ್ಲೇ ಮೂರು ಗಂಟೆ ಕಳೆದರೆ ಉಳಿಯುವುದು ಐದೇ ಗಂಟೆ. ಆದ್ದರಿಂದ ಘಟನೆ ನಡೆದ ಸಮಯವನ್ನು ಒಂದು ಚೀಟಿಯಲ್ಲಿ ಬರೆದು ಗಾಯಾಳುವಿನ ಜೊತೆ ಕಳುಹಿಸುವುದು ಉತ್ತಮ. ಏನು ಸುಟ್ಟಿತು, ಮುಚ್ಚಿದ ಕೋಣೆಯೇ, ಯಾವ ಕಾಯಿಲೆಗಳಿವೆ, ಏನು ಔಷಧ ಕೊಡಲಾಗಿದೆ ಎಂಬುದನ್ನೂ ಅದರಲ್ಲಿ ನಮೂದಿಸಬೇಕು. ದೊಡ್ಡ ಗಾಯವಾದವರಿಗೆ ದಾರಿಯಲ್ಲಿ ಊಟ, ಚಹಾ ಕೊಡಬಾರದು.

ಉತ್ತರ ಕರ್ನಾಟಕದಲ್ಲಿ ಬೆಳಗಾವಿಯ ಜಿಲ್ಲಾ ಆಸ್ಪತ್ರೆ ‘ಬಿಮ್ಸ್’, ಕೆಎಲ್‌ಇ ಡಾ. ಪ್ರಭಾಕರ ಕೋರೆ ಆಸ್ಪತ್ರೆ ಹಾಗೂ ಹುಬ್ಬಳ್ಳಿಯ ಕಿಮ್ಸ್ ಪ್ರಮುಖ ಕೇಂದ್ರಗಳು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಸುಟ್ಟಗಾಯಗಳ ವಿಭಾಗ ರಾಜ್ಯದಲ್ಲೇ ಹೆಸರಾದುದು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸುಟ್ಟಗಾಯದ ಚಿಕಿತ್ಸೆಯೂ ಸೇರಿದೆ. ತುರ್ತು ಸಂದರ್ಭದಲ್ಲಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರಕ್ಕಾಗಿ ಕಾಯಬೇಕಾಗಿಲ್ಲ. ಗಡಿಯಾಚೆಯ ಆಸ್ಪತ್ರೆಗೆ ಹೋಗುವವರು ಅದು ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿಕೊಳ್ಳುವುದು ಒಳಿತು.

ಚರ್ಮದಾನ: ಅರಿಯದೆ ಉಳಿದ ದಾನ

ಆಳವಾಗಿ ಸುಟ್ಟ ಚರ್ಮವನ್ನು ಮೊದಲ ದಿನಗಳಲ್ಲೇ ಕತ್ತರಿಸಿ ತೆಗೆದು, ರೋಗಿಯದೇ ದೇಹದ ಬೇರೆ ಭಾಗದಿಂದ ತೆಳುವಾದ ಚರ್ಮ ತಂದು ಹೊದಿಸುವುದು ಇಂದಿನ ಚಿಕಿತ್ಸಾ ಕ್ರಮ. ಆದರೆ ಅರ್ಧ ಮೈ ಸುಟ್ಟವರಲ್ಲಿ ತೆಗೆಯಲು ಚರ್ಮವೇ ಉಳಿದಿರುವುದಿಲ್ಲ. ಆಗ ದಾನಿಗಳ ಚರ್ಮ ತಾತ್ಕಾಲಿಕ ಹೊದಿಕೆಯಾಗಿ ಕೆಲವು ವಾರ ಕಾಪಾಡುತ್ತದೆ. ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲಿ ಚರ್ಮ ಬ್ಯಾಂಕ್ ಆರಂಭವಾಯಿತು. ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಯಲ್ಲಿಯೂ ಚರ್ಮ ಬ್ಯಾಂಕ್ ಇದೆ. ಮರಣಾನಂತರ ಸುಮಾರು 6 ಗಂಟೆಗಳೊಳಗೆ ತೊಡೆ, ಕಾಲು, ಬೆನ್ನುಗಳಿಂದ ತೆಳುವಾದ ಪದರವನ್ನಷ್ಟೇ ತೆಗೆಯಲಾಗುತ್ತದೆ. ದೇಹ ವಿಕಾರವಾಗುವುದಿಲ್ಲ, ರಕ್ತದ ಗುಂಪು ಹೊಂದಬೇಕಾಗಿಯೂ ಇಲ್ಲ. ನೇತ್ರದಾನದಷ್ಟು ಪ್ರಚಾರ ಇದಕ್ಕೆ ಇನ್ನೂ ದೊರೆತಿಲ್ಲ.

ಕಾನೂನಿನ ಭಯ ಬೇಡ

ಮಹಿಳೆಯರು ಸುಟ್ಟುಕೊಂಡ ಪ್ರಕರಣಗಳಲ್ಲಿ ಪೊಲೀಸ್ ವಿಚಾರಣೆಗೆ ಅಂಜಿ ಮನೆಯಲ್ಲೇ ಮದ್ದು ಮಾಡುವ, ಆಸ್ಪತ್ರೆಗೆ ತಡವಾಗಿ ತರುವ ಪ್ರವೃತ್ತಿ ಇದೆ. ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ನೀಡಿದ ತೀರ್ಪಿನಂತೆ, ಪ್ರಾಣ ಉಳಿಸುವುದು ವೈದ್ಯರ ಮೊದಲ ಕರ್ತವ್ಯ. ಪೊಲೀಸ್ ವಿಧಿವಿಧಾನಗಳಿಗಾಗಿ ಚಿಕಿತ್ಸೆ ಕಾಯುವಂತಿಲ್ಲ. ಆಮ್ಲದಾಳಿಗೆ ಒಳಗಾದವರಿಗೆ ಸರ್ಕಾರಿ, ಖಾಸಗಿ ಭೇದವಿಲ್ಲದೆ ಎಲ್ಲ ಆಸ್ಪತ್ರೆಗಳೂ ಉಚಿತ ಚಿಕಿತ್ಸೆ ನೀಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ ವಿಧಿಸುತ್ತದೆ. ಗಾಯದ ಹಿಂದೆ ಹಿಂಸೆಯ ಶಂಕೆಯಿದ್ದರೆ ಗಾಯಾಳುವಿಗೆ ಏಕಾಂತದಲ್ಲಿ ಮಾತನಾಡಲು ಅವಕಾಶ ಸಿಗಬೇಕು.

ಮನೆಯಲ್ಲೇ ಆರೈಕೆ ಯಾವಾಗ?

ಆರೋಗ್ಯವಂತ ವಯಸ್ಕರಲ್ಲಿ ಅಂಗೈಗಿಂತ ಚಿಕ್ಕದಾದ, ಮೇಲುಮೇಲಿನ, ಮೇಲೆ ಹೇಳಿದ ಸೂಕ್ಷ್ಮ ಭಾಗಗಳಲ್ಲಿ ಇಲ್ಲದ ಗಾಯವನ್ನು ನೀರಿನಿಂದ ತಣಿಸಿ, ಶುದ್ಧ ಬಟ್ಟೆ ಕಟ್ಟಿ, ನೋವಿಗೆ ಪ್ಯಾರಾಸಿಟಮಾಲ್ ಸೇವಿಸಿ ಮನೆಯಲ್ಲೇ ನೋಡಿಕೊಳ್ಳಬಹುದು. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು. ಕೆಂಪು ಹಬ್ಬಿದರೆ, ಕೀವು, ದುರ್ವಾಸನೆ ಕಂಡರೆ, ಜ್ವರ ಬಂದರೆ ತಡಮಾಡಬಾರದು. ಸುಟ್ಟ ಮಗುವಿಗೆ ಜ್ವರ, ವಾಂತಿ, ಮೈಮೇಲೆ ದದ್ದು ಕಾಣಿಸಿಕೊಂಡರೆ ಗಾಯ ಚಿಕ್ಕದಾಗಿದ್ದರೂ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಎರಡು ವಾರಗಳಲ್ಲಿ ಮಾಯದ ಗಾಯವನ್ನು ತಜ್ಞರಿಗೆ ತೋರಿಸಲೇಬೇಕು. ಇಲ್ಲವಾದರೆ ಚರ್ಮ ಜಗ್ಗಿ ಬೆರಳು, ಮೊಣಕೈ, ಕುತ್ತಿಗೆಗಳು ಮಡಚಿದಲ್ಲೇ ನಿಲ್ಲುತ್ತವೆ. ಕೈಗಳಿಂದ ದುಡಿದು ಉಣ್ಣುವ ಗಾಣದ ಕೂಲಿಗೆ, ಬೀಡಿ ಕಟ್ಟುವ ಹೆಣ್ಣುಮಗಳಿಗೆ ಮಡಚಿದ ಬೆರಳೆಂದರೆ ನಿಂತ ಸಂಪಾದನೆ. ಗಾಯ ಮಾಯ್ದ ಮೇಲೂ ತಿಂಗಳುಗಟ್ಟಲೆ ವ್ಯಾಯಾಮ ಮುಂದುವರಿಸುವುದು ಇದಕ್ಕಾಗಿಯೇ.

ನೆನಪಿಡಬೇಕಾದ ಸಂಖ್ಯೆಗಳು

ಆಂಬುಲೆನ್ಸ್: 108
ತುರ್ತು ಸಹಾಯ (ಪೊಲೀಸ್, ಅಗ್ನಿಶಾಮಕ): 112
ಅಡುಗೆ ಅನಿಲ ಸೋರಿಕೆ: 1906
ವಿದ್ಯುತ್ ದೂರು: 1912
ಮಹಿಳಾ ಸಹಾಯವಾಣಿ: 181